ಕೈಗುಣಕ್ಕೊಂದು ಪಠ್ಯಕ್ರಮ

ಸೊಂಟ ಹಿಡಿದುಕೊಂಡರೆ, ಹುಟ್ಟುವಾಗ ಕಾಲು ಮುಂದಾಗಿ ಬಂದವರನ್ನು ಹುಡುಕಿ ಅವರ ಪಾದದಿಂದ ಮೆಲ್ಲಗೆ ಒದೆಸಿಕೊಳ್ಳುವ ನಂಬಿಕೆ ನಮ್ಮ ಹಲವು ಹಳ್ಳಿಗಳಲ್ಲಿ ಇತ್ತು. ಕೈ ಮುರಿದರೆ ಬಿದಿರಿನ ದಬ್ಬೆ ಇಟ್ಟು ಕಟ್ಟುವ ನಾಟಿ ವೈದ್ಯರು, ಕತ್ತು ಉಳುಕಿದರೆ ಎಣ್ಣೆ ಹಚ್ಚಿ ನೀವುವ ಅಜ್ಜಿಯರು ಊರೂರಿನಲ್ಲಿದ್ದರು. ಈಗಲೂ ಅಲ್ಲಲ್ಲಿ ಇದ್ದಾರೆ. ಒದೆಯುವವರಿಗೆ ಹುಟ್ಟೇ ಅರ್ಹತೆ. ಆದರೆ ದಬ್ಬೆ ಕಟ್ಟುವವರು, ಉಳುಕು ತೆಗೆಯುವವರು ತಮ್ಮ ವಿದ್ಯೆಯನ್ನು ತಂದೆಯಿಂದಲೋ ಅತ್ತೆಯಿಂದಲೋ ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ಕಲಿತವರು. ಇವರೆಲ್ಲರ ಬಗ್ಗೆ ಊರಿನವರು ಹೇಳುತ್ತಿದ್ದುದು ಒಂದೇ ಮಾತು: 'ಅವರ ಕೈಗುಣ ಒಳ್ಳೆಯದು'.

ಈ ಕೈಗುಣ ಹುಟ್ಟಿನಿಂದ ಬರುವುದೋ, ಕಲಿತರೆ ಬರುವುದೋ? ಕಲಿಸಬಹುದಾದರೆ ಯಾರು, ಎಷ್ಟು ದಿನ, ಹೇಗೆ ಕಲಿಸಬೇಕು? ಕಲಿತದ್ದು ನಿಜವೇ ಎಂದು ಪರೀಕ್ಷಿಸುವುದು ಹೇಗೆ? ಫಿಸಿಯೋಥೆರಪಿ ಎಂಬ ವೃತ್ತಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಪ್ರಶ್ನೆಗಳ ಜೊತೆ ಹೆಣಗಾಡಿದೆ. ಪದವಿ ಮುಗಿಸಿ ಕೆಲಸಕ್ಕೆ ಸೇರಿದವರನ್ನೇ ಮರಳಿ ತರಗತಿಗೆ ಕರೆತಂದು, ಪುಸ್ತಕಕ್ಕಿಂತ ಹೆಚ್ಚಾಗಿ ಅವರ ಕೈಗಳಿಗೆ ಪಾಠ ಹೇಳುವ ವ್ಯವಸ್ಥೆ ಆ ಹೆಣಗಾಟದ ಫಲ. ಅದು ಸ್ಪಷ್ಟ ರೂಪ ಪಡೆದ ಊರುಗಳಲ್ಲಿ ಮುಖ್ಯವಾದುದು ಆಸ್ಟ್ರೇಲಿಯಾದ ಅಡಿಲೇಡ್. ನಮ್ಮವರಿಗೆ ಕ್ರಿಕೆಟ್ ಮೈದಾನದಿಂದ ಪರಿಚಿತವಾದ ನಗರ. ಆದರೆ ಕಥೆ ಶುರುವಾಗುವುದು ಅಲ್ಲಿಂದಲ್ಲ, ಲಂಡನ್‌ನಿಂದ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲೂ ನಮ್ಮ ನಾಟಿ ವೈದ್ಯರಂಥವರು ಇದ್ದರು. ಮೂಳೆ ಕೂರಿಸುವವರು ಎಂದೇ ಅವರ ಹೆಸರು. ಓದಿದ ವೈದ್ಯರಿಗೆ ಅವರೆಂದರೆ ತಾತ್ಸಾರ. ಆದರೂ ವೈದ್ಯರು ಕೈಬಿಟ್ಟ ರೋಗಿಗಳು ಅವರ ಮನೆಯಿಂದ ನಡೆದುಕೊಂಡು ಹೋಗುತ್ತಿದ್ದುದು ನುಂಗಲಾರದ ತುತ್ತಾಗಿತ್ತು. 1867ರಲ್ಲಿ ಹೆಸರಾಂತ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್, ಮೂಳೆ ಕೂರಿಸುವವರು ಗುಣಪಡಿಸುವ ಕಾಯಿಲೆಗಳು ಯಾವುವು ಎಂಬ ವಿಷಯವನ್ನೇ ಎತ್ತಿಕೊಂಡು ಉಪನ್ಯಾಸ ಮಾಡಿದರು. ಅವರು ಮಾಡುವ ಅನಾಹುತಗಳನ್ನು ಎಚ್ಚರಿಸುತ್ತಲೇ, ಅವರಿಂದ ಕಲಿಯಬೇಕಾದದ್ದೂ ಇದೆ ಎಂದು ಒಪ್ಪಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು.

ಅದೇ ಸುಮಾರಿಗೆ ಲಂಡನ್‌ನಲ್ಲಿ ರಿಚರ್ಡ್ ಹಟನ್ ಎಂಬ ಮೂಳೆ ಕೂರಿಸುವವರು ಕಾಯಿಲೆ ಬಿದ್ದರು. ಪೀಟರ್ ಹುಡ್ ಎಂಬ ವೈದ್ಯರು ಶುಲ್ಕ ತೆಗೆದುಕೊಳ್ಳದೆ ಅವರಿಗೆ ಚಿಕಿತ್ಸೆ ಕೊಟ್ಟರು. ಹಟನ್ ಆ ಋಣ ತೀರಿಸಿದ್ದು ಹಣದಿಂದಲ್ಲ. ತಮ್ಮ ಕೈವಿದ್ಯೆಯನ್ನು ತೋರಿಸಿಕೊಡುವುದಾಗಿ ಹೇಳಿದರು. ವೈದ್ಯರ ಮಗ, ತಾವೂ ವೈದ್ಯರಾಗಿದ್ದ ವಾರ್ಟನ್ ಹುಡ್ ಹೋಗಿ ಪಕ್ಕದಲ್ಲಿ ನಿಂತು ಕಲಿತರು. ಕಲಿತದ್ದನ್ನು ಗುಟ್ಟಾಗಿ ಇಟ್ಟುಕೊಳ್ಳದೆ 1871ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವೈದ್ಯ ಪದವಿ ಇದ್ದ ಮನುಷ್ಯ ಪದವಿ ಇಲ್ಲದವರ ಬಳಿ ಕೈಕೆಲಸ ಕಲಿಯಲು ಹೋದದ್ದು ಗಮನಿಸಬೇಕಾದ ಸಂಗತಿ. ಪದವಿಯ ನಂತರದ ಕೈತರಬೇತಿ ಎಂದರೆ ಇದೇ ಅಲ್ಲವೇ?

ಮೈ ಮುಟ್ಟಿ ಮಾಡುವ ಚಿಕಿತ್ಸೆಗೆ ಇನ್ನೊಂದು ತೊಡಕೂ ಇತ್ತು, ಮರ್ಯಾದೆಯ ತೊಡಕು. 1894ರಲ್ಲಿ ಲಂಡನ್‌ನ ಮಸಾಜ್ ಕೇಂದ್ರಗಳಲ್ಲಿ ಕೆಲವು ಬರೀ ವೇಶ್ಯಾಗೃಹಗಳೆಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಬಯಲಿಗೆಳೆಯಿತು. ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದ್ದ ದಾದಿಯರ ಹೆಸರಿಗೂ ಮಸಿ ಬಿತ್ತು. ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಅದೇ ವರ್ಷ ತರಬೇತಿ ಪಡೆದ ಮಸಾಜ್ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ಅದರ ನಿಯಮಗಳು ಕಟ್ಟುನಿಟ್ಟು. ವೈದ್ಯರ ಸೂಚನೆ ಇಲ್ಲದೆ ಯಾರಿಗೂ ಚಿಕಿತ್ಸೆ ಕೊಡುವಂತಿಲ್ಲ, ಗಂಡಸರಿಗೆ ಸಾಮಾನ್ಯವಾಗಿ ಮಸಾಜ್ ಮಾಡುವಂತಿಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ಬಿಟ್ಟು ಬೇರೆಲ್ಲೂ ಜಾಹೀರಾತು ಹಾಕುವಂತಿಲ್ಲ. ಜೊತೆಗೆ ಪರೀಕ್ಷೆ. ಇದೇ ಸಂಘ 1920ರಲ್ಲಿ ರಾಜಸನ್ನದು ಪಡೆದು, 1940ರ ದಶಕದಲ್ಲಿ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಆಯಿತು.

ವೈದ್ಯರ ಸೂಚನೆ ಇಲ್ಲದೆ ಮುಟ್ಟಬಾರದು ಎಂಬ ಮೊದಲ ನಿಯಮವನ್ನು ನೆನಪಿಟ್ಟುಕೊಳ್ಳಬೇಕು. ಅದು ವೃತ್ತಿಗೆ ರಕ್ಷಣೆಯೂ ಆಯಿತು, ಕೈಕೋಳವೂ ಆಯಿತು. ವೈದ್ಯರು 'ಸೊಂಟಕ್ಕೆ ಶಾಖ ಮತ್ತು ಮಸಾಜ್' ಎಂದು ಚೀಟಿ ಬರೆಯುವುದು, ಇವರು ಚಾಚೂ ತಪ್ಪದೆ ಕೊಡುವುದು. ಎಲ್ಲಿ ತೊಂದರೆ, ಯಾಕೆ ತೊಂದರೆ ಎಂದು ಕೈಯಿಂದ ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ. ಹುಡುಕದ ಕೈಗೆ ಹುಡುಕುವ ವಿದ್ಯೆ ಬರುವುದಾದರೂ ಹೇಗೆ?

ಕೈಗೆ ಆ ಕೆಲಸ ಹೇಳಿಕೊಟ್ಟವರಲ್ಲಿ ಜೇಮ್ಸ್ ಸಿರಿಯಾಕ್ಸ್ ದೊಡ್ಡ ಹೆಸರು. 1904ರಲ್ಲಿ ಹುಟ್ಟಿದ ಈ ವೈದ್ಯರು ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದರು. ಮೂಳೆಯಲ್ಲದ ಭಾಗ, ಅಂದರೆ ಸ್ನಾಯು, ಕಂಡರ, ಅಸ್ಥಿಬಂಧಗಳ ನೋವನ್ನು ಎಳೆದು, ತಿರುಗಿಸಿ, ತಡೆದು ಕ್ರಮಬದ್ಧವಾಗಿ ಪತ್ತೆ ಮಾಡುವ ಪರೀಕ್ಷೆಗಳನ್ನು ರೂಪಿಸಿ 1947ರಲ್ಲಿ ಗ್ರಂಥ ಬರೆದರು. ಅವರಿಗೆ ಇದು ರಕ್ತದಲ್ಲೇ ಬಂದದ್ದು ಎನ್ನಬಹುದು. ಪೆರ್ ಹೆನ್ರಿಕ್ ಲಿಂಗ್ ಎಂಬುವರು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೆರೆದ ವ್ಯಾಯಾಮ ಸಂಸ್ಥೆಯಲ್ಲಿ ಕಲಿತಿದ್ದ ಹೆನ್ರಿಕ್ ಕೆಲ್‌ಗ್ರೆನ್ ಅವರ ತಾಯಿಯ ತಂದೆ. ಕೀಲು ಕದಲಿಸುವ ಚಿಕಿತ್ಸೆಯನ್ನು ವೈದ್ಯರಿಗಿಂತ ಫಿಸಿಯೋಥೆರಪಿಸ್ಟರೇ ಕಲಿಯಬೇಕು ಎಂಬುದು ಸಿರಿಯಾಕ್ಸ್ ಅವರ ಹಟವಾಗಿತ್ತು. ವೈದ್ಯರಿಗೆ ಸಮಯವಿಲ್ಲ, ಇವರ ಕೈ ಆಗಲೇ ಪಳಗಿದೆ, ರೋಗಿಯ ಜೊತೆ ಅರ್ಧ ಗಂಟೆ ಕಳೆಯುವವರೂ ಇವರೇ ಎಂಬುದು ಅವರ ವಾದ. ಸಹೋದ್ಯೋಗಿ ವೈದ್ಯರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಅವರ ಬಳಿ ಕಲಿಯಲು ದೂರದೂರದಿಂದ ಬಂದವರಲ್ಲಿ ನಾರ್ವೆಯ ಫ್ರೆಡ್ಡಿ ಕಾಲ್ಟೆನ್‌ಬೋರ್ನ್ ಒಬ್ಬರು. ಇನ್ನೊಬ್ಬರು ಅಡಿಲೇಡ್‌ನಿಂದ ಬಂದ ಜೆಫ್ರಿ ಮೇಟ್‌ಲೆಂಡ್.

ಮೇಟ್‌ಲೆಂಡ್ 1924ರಲ್ಲಿ ಅಡಿಲೇಡ್‌ನಲ್ಲೇ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಬಂದು 1949ರಲ್ಲಿ ಫಿಸಿಯೋಥೆರಪಿ ತರಬೇತಿ ಮುಗಿಸಿದರು. ಆಸ್ಪತ್ರೆಯಲ್ಲಿ ಕೆಲಸ, ಜೊತೆಗೆ ಪಾಠ, ಬಿಡುವಾದಾಗ ಗ್ರಂಥಾಲಯ. ಕೀಲು ಕದಲಿಸುವ ಬಗ್ಗೆ ವೈದ್ಯರು ಬರೆದದ್ದು, ಮೂಳೆ ಕೂರಿಸುವವರ ಪರಂಪರೆಯಿಂದ ಬಂದವರು ಬರೆದದ್ದು ಎಂಬ ಭೇದವಿಲ್ಲದೆ ಓದಿದರು. 1961ರಲ್ಲಿ ಅಧ್ಯಯನ ಧನಸಹಾಯ ದೊರೆತು ಪತ್ನಿ ಆ್ಯನ್ ಜೊತೆ ವಿದೇಶ ಪ್ರವಾಸ ಹೊರಟರು. ಕೈಚಿಕಿತ್ಸೆಯಲ್ಲಿ ಹೆಸರಾದವರನ್ನು ಭೇಟಿಯಾಗಿ, ಅವರು ಕೆಲಸ ಮಾಡುವುದನ್ನು ಕಣ್ಣಾರೆ ಕಂಡರು. ಮರಳಿದ ಮರುವರ್ಷ ಆಸ್ಟ್ರೇಲಿಯಾದ ಸಹೋದ್ಯೋಗಿಗಳ ಮುಂದೆ ಮಂಡಿಸಿದ ಪ್ರಬಂಧದ ವಿಷಯವೇ, ಬೆನ್ನೆಲುಬಿನ ಕೈಚಿಕಿತ್ಸೆಯನ್ನು ಕಲಿಸುವಲ್ಲಿ ಇರುವ ಸಮಸ್ಯೆಗಳು. ಚಿಕಿತ್ಸೆಯ ಸಮಸ್ಯೆಗಳಲ್ಲ, ಕಲಿಸುವ ಸಮಸ್ಯೆಗಳು.

ಅಲ್ಲಿಯವರೆಗೆ ಕೈಚಿಕಿತ್ಸೆ ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದುದು ಲಟಕ್ಕೆಂದು ಸದ್ದು ಬರುವಂತೆ ಕತ್ತನ್ನೋ ಸೊಂಟವನ್ನೋ ತಟಕ್ಕನೆ ತಿರುಗಿಸುವ ಕ್ರಿಯೆ. ಮೇಟ್‌ಲೆಂಡ್ ಒತ್ತು ಕೊಟ್ಟದ್ದು ಅದಕ್ಕಲ್ಲ. ರೋಗಿ ಬೋರಲು ಮಲಗಿರುತ್ತಾರೆ. ಚಿಕಿತ್ಸಕರು ಎರಡೂ ಹೆಬ್ಬೆರಳುಗಳನ್ನು ಬೆನ್ನೆಲುಬಿನ ಒಂದು ಗಂಟಿನ ಮೇಲಿಟ್ಟು ಅಲೆ ಎದ್ದು ಇಳಿದಂತೆ ಮೆಲ್ಲಗೆ ಒತ್ತಿ ಬಿಡುತ್ತಾರೆ. ಈ ಒತ್ತುವಿಕೆಯನ್ನು ಅವರು ದರ್ಜೆಗಳಾಗಿ ವಿಂಗಡಿಸಿದರು. ಕೀಲು ಕದಲಲು ಶುರುವಾಗುವ ಹಂತದಲ್ಲೇ ಆಡಿಸುವ ತೀರಾ ಸಣ್ಣ ಚಲನೆ ಒಂದನೆಯದು. ತಡೆ ಸಿಗುವ ಮುನ್ನವೇ ನಿಲ್ಲುವ ದೊಡ್ಡ ಚಲನೆ ಎರಡನೆಯದು. ತಡೆಯೊಳಕ್ಕೆ ಹೋಗುವ ದೊಡ್ಡ ಚಲನೆ ಮೂರನೆಯದು. ಆ ಕೊನೆಯ ತಡೆಯಲ್ಲೇ ಆಡುವ ಸಣ್ಣ ಚಲನೆ ನಾಲ್ಕನೆಯದು. ತಟಕ್ಕನೆ ಕೊಡುವ ಧಕ್ಕೆ ಕಟ್ಟಕಡೆಗೆ. ಮಳೆಗಾಲದಲ್ಲಿ ಉಬ್ಬಿಕೊಂಡ ಮರದ ಬಾಗಿಲನ್ನು ಒಮ್ಮೆಲೇ ಒದೆಯದೆ, ಎಲ್ಲಿ ಹಿಡಿಯುತ್ತಿದೆ ಎಂದು ಮೊದಲು ಅಲ್ಲಾಡಿಸಿ ನೋಡುವವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ.

ಎರಡನೆಯ ಪಾಠ, ಮತ್ತೆ ಮತ್ತೆ ಪರೀಕ್ಷಿಸುವುದು. ರೋಗಿ ನಿಂತು ಬಗ್ಗಿದಾಗ ಬೆರಳು ಮಂಡಿಯವರೆಗೆ ಮಾತ್ರ ಬಂದು ನೋವು ತಡೆಯಿತು ಎನ್ನೋಣ. ಅದನ್ನು ಬರೆದುಕೊಳ್ಳಬೇಕು. ಒಂದು ಗಂಟಿನ ಮೇಲೆ ಅರ್ಧ ನಿಮಿಷವೋ ಒಂದು ನಿಮಿಷವೋ ಒತ್ತಿ, ಎಬ್ಬಿಸಿ ನಿಲ್ಲಿಸಿ ಮತ್ತೆ ಬಗ್ಗಿಸಬೇಕು. ಬೆರಳು ಮಂಡಿಯಿಂದ ಕೆಳಗಿಳಿದರೆ ದಾರಿ ಸರಿ ಇದೆ. ಅಲ್ಲೇ ನಿಂತರೆ ಜಾಗವನ್ನೋ ದರ್ಜೆಯನ್ನೋ ಬದಲಿಸಬೇಕು. ಮೇಲಕ್ಕೆ ಹೋದರೆ ನಿಲ್ಲಿಸಬೇಕು. ಪುಸ್ತಕದ ಸಿದ್ಧಾಂತ ಒಂದು ಹೇಳಿ, ರೋಗಿಯ ಮೈ ಇನ್ನೊಂದು ಹೇಳಿದರೆ ರೋಗಿಯ ಮೈಯನ್ನೇ ನಂಬಬೇಕು. ಸಿದ್ಧಾಂತ ಮತ್ತು ರೋಗಿಯ ಲಕ್ಷಣಗಳ ನಡುವೆ ಸಂದುಗಳಿರುವ ಇಟ್ಟಿಗೆ ಗೋಡೆಯೊಂದನ್ನು ಕಲ್ಪಿಸಿಕೊಳ್ಳಿ, ಎರಡೂ ಕಡೆಯ ವಿಚಾರಗಳು ಸಂದಿನಲ್ಲಿ ಹಾಯಲಿ, ಆದರೆ ಕಲಸಿಹೋಗದಿರಲಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದರು.

ಇದನ್ನೆಲ್ಲ 1964ರಲ್ಲಿ ಪುಸ್ತಕವಾಗಿ ಬರೆದರು. ಪುಸ್ತಕ ಬಂದ ಮೇಲೆ ಓದಿಕೊಂಡರೆ ಸಾಕಲ್ಲವೇ? ಸಾಲದು ಎಂಬುದಕ್ಕೆ ಸಾಕ್ಷಿ, ಮರುವರ್ಷವೇ ಅಡಿಲೇಡ್‌ನಲ್ಲಿ ಶುರುವಾದ ಮೂರು ತಿಂಗಳ ತರಬೇತಿ. ಸೇರಿದವರು ಹೊಸಬರಲ್ಲ, ಆಗಲೇ ವೃತ್ತಿಯಲ್ಲಿ ಇದ್ದವರು. ವಿದ್ಯಾರ್ಥಿ ದೆಸೆಯಲ್ಲಿ ಇದನ್ನು ಪೂರ್ತಿ ಕಲಿಸಲು ಆಗದಿರುವುದಕ್ಕೆ ಕಾರಣ ಸರಳ. ಹತ್ತಿಪ್ಪತ್ತು ನೋವಿನ ಬೆನ್ನುಗಳನ್ನೂ ಕಂಡಿರದವರಿಗೆ ಬಿಗಿ ಯಾವುದು, ಸಹಜ ಯಾವುದು ಎಂಬ ಅಳತೆಯೇ ಇರುವುದಿಲ್ಲ. ಇಂಥ ತರಗತಿಯಲ್ಲಿ ಮೊದಲು ಒಬ್ಬರಿಗೊಬ್ಬರು ರೋಗಿಗಳಾಗಿ ಮಲಗಬೇಕು. ತನ್ನ ಬೆನ್ನಿನ ಮೇಲೆ ಒರಟು ಹೆಬ್ಬೆರಳು ಊರಿದಾಗ ಹೇಗಿರುತ್ತದೆ ಎಂದು ತಾನೇ ಅನುಭವಿಸಿದವರ ಕೈ ಬೇಗ ಮೃದುವಾಗುತ್ತದೆ. ಆಮೇಲೆ ನಿಜವಾದ ರೋಗಿ, ಪಕ್ಕದಲ್ಲಿ ಗುರು. ಕಲಿಯುವವರು ಏನು ಕೇಳಿದರು, ಏನು ಕೇಳುವುದು ಬಿಟ್ಟರು, ಎಲ್ಲಿ ಒತ್ತಿದರು, ಒತ್ತಿದ ಮೇಲೆ ಮತ್ತೆ ಪರೀಕ್ಷಿಸಿದರೇ ಎಂಬುದೆಲ್ಲ ಅಲ್ಲೇ ತಿದ್ದುಪಡಿಯಾಗುತ್ತದೆ. ಸಂಗೀತದ ಗುರುಗಳು ಶ್ರುತಿ ತಪ್ಪಿದ ಕಡೆಯೇ ನಿಲ್ಲಿಸಿ ಹೇಳಿಕೊಡುವಂತೆ.

1974ರ ಹೊತ್ತಿಗೆ ಮೂರು ತಿಂಗಳ ಆ ತರಬೇತಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆಯಿತು. ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೈಚಿಕಿತ್ಸೆ ಕಲಿತ ಫಿಸಿಯೋಥೆರಪಿಸ್ಟರ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಮೇಟ್‌ಲೆಂಡ್, ಕಾಲ್ಟೆನ್‌ಬೋರ್ನ್ ಅದರ ಸ್ಥಾಪಕರ ಸಾಲಿನಲ್ಲಿದ್ದರು. ಈ ಒಕ್ಕೂಟ ಮುಂದೆ ರೂಪಿಸಿದ ಮಾನದಂಡದಲ್ಲಿ ಓದು, ಕೈಕೌಶಲಗಳ ಜೊತೆಗೆ, ಗುರುವಿನ ಕಣ್ಣೆದುರು ನಿಜವಾದ ರೋಗಿಗಳಿಗೆ ಚಿಕಿತ್ಸೆ ಕೊಡುವುದಕ್ಕೇ ಕನಿಷ್ಠ 150 ಗಂಟೆ ಮೀಸಲು.

ಇನ್ನೆರಡು ವರ್ಷಕ್ಕೆ, 1976ರಲ್ಲಿ, ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟರು ವೈದ್ಯರ ಚೀಟಿ ಇಲ್ಲದೆಯೂ ರೋಗಿಯನ್ನು ನೋಡಬಹುದು ಎಂದು ಅಲ್ಲಿನ ವೃತ್ತಿ ಸಂಘ ತನ್ನ ನಿಯಮವನ್ನು ಬದಲಿಸಿಕೊಂಡಿತು. ಲಂಡನ್‌ನ ನಾಲ್ವರು ಮಹಿಳೆಯರು ಹಾಕಿದ್ದ ಗೆರೆಯನ್ನು 82 ವರ್ಷಗಳ ಬಳಿಕ ದಾಟಿದಂತಾಯಿತು. ಕೈಕೋಳ ಬಿಚ್ಚಿತು ಎಂದು ಸಂತೋಷಪಡುವುದೇನೋ ಸರಿ. ಆದರೆ ತಪ್ಪಾದರೆ ತೋರಿಸಲು ಇನ್ನು ವೈದ್ಯರ ಚೀಟಿ ಇಲ್ಲ. ಸೊಂಟನೋವೆಂದು ಬಂದವರಲ್ಲಿ ಒಬ್ಬರಿಗೆ ಬೆನ್ನೆಲುಬಿಗೆ ಹರಡಿದ ಕ್ಯಾನ್ಸರ್ ಇರಬಹುದು. ಕತ್ತುನೋವು ಎಂದವರಲ್ಲಿ ಒಬ್ಬರಿಗೆ ಮಿದುಳಿಗೆ ರಕ್ತ ಒಯ್ಯುವ ನಾಳ ಸೀಳಿರಬಹುದು. ಅಂಥ ಕತ್ತನ್ನು ತಟಕ್ಕನೆ ತಿರುಗಿಸಿದರೆ ಪಾರ್ಶ್ವವಾಯು ಬಡಿಯುವ ಅಪಾಯವಿದೆ. ಅಪರೂಪ, ಆದರೆ ಇಲ್ಲದ್ದಲ್ಲ. ಇದೇ ಭಯದಿಂದ ಆಸ್ಟ್ರೇಲಿಯಾದ ಸಂಘ ಕತ್ತು ತಿರುಗಿಸುವ ಮುನ್ನ ಮಾಡಲೇಬೇಕಾದ ಪರೀಕ್ಷೆಗಳ ಕಟ್ಟಳೆಯೊಂದನ್ನು 1988ರಲ್ಲಿ ಹೊರಡಿಸಿತು. ಕತ್ತನ್ನು ಇಂಥ ಭಂಗಿಯಲ್ಲಿ ಹಿಡಿದು ತಲೆಸುತ್ತು ಬರುವುದೇ ಎಂದು ನೋಡುವ ಆ ಪರೀಕ್ಷೆಗಳನ್ನೇ ನೆಚ್ಚಿ ಕೂರುವಂತಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಈಗ ರೋಗಿಯ ಪೂರ್ವವೃತ್ತಾಂತ, ರಕ್ತದೊತ್ತಡ, ನರಗಳ ತಪಾಸಣೆ ಎಲ್ಲವನ್ನೂ ಕೂಡಿಸಿ ತೂಗಿ ನೋಡಬೇಕು ಎನ್ನುತ್ತಾರೆ.

ಅದಿರಲಿ, ಕೈಗೆ ನಿಜವಾಗಿ ಏನಾದರೂ ತಿಳಿಯುತ್ತದೆಯೇ? 1988ರಲ್ಲೇ ಇದಕ್ಕೊಂದು ಸ್ವಾರಸ್ಯಕರ ಪರೀಕ್ಷೆ ನಡೆಯಿತು. ದೀರ್ಘಕಾಲದ ಕತ್ತುನೋವಿನ 20 ಮಂದಿ. ಇವರಲ್ಲಿ ಯಾರಿಗೆ ಕತ್ತಿನ ಹಿಂಭಾಗದ ಪುಟ್ಟ ಕೀಲಿನಿಂದ ನೋವು, ಯಾವ ಕೀಲಿನಿಂದ ಎಂಬುದನ್ನು ವೈದ್ಯ ನಿಕೊಲಾಯ್ ಬೊಗ್ಡಕ್ ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪತ್ತೆ ಮಾಡುವುದು. ಫಿಸಿಯೋಥೆರಪಿಸ್ಟ್ ಗ್ವೆಂಡೊಲೆನ್ ಜಲ್ ಬರಿಗೈಯಿಂದ ಪತ್ತೆ ಮಾಡುವುದು. ಇಂಜೆಕ್ಷನ್ ಹೇಳಿದ್ದು ಕೈಗೆ ಗೊತ್ತಿರಲಿಲ್ಲ. 20ಕ್ಕೆ 20 ಸರಿ! 15 ಮಂದಿಯಲ್ಲಿ ನೋವಿನ ಕೀಲನ್ನು ಗುರುತಿಸಿದ್ದಷ್ಟೇ ಅಲ್ಲ, ಉಳಿದ ಐವರ ನೋವು ಕೀಲಿನದಲ್ಲ ಎಂಬುದನ್ನೂ ಕೈ ಹೇಳಿತ್ತು. ಕೈಗುಣದ ಪರವಾದವರಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಿರಲಿಲ್ಲ.

ಆದರೆ ಒಂದು ಜೊತೆ ಕೈ ಗೆದ್ದರೆ ಎಲ್ಲ ಕೈಗಳೂ ಗೆದ್ದಂತಲ್ಲ. 1994ರಲ್ಲಿ ಕ್ರಿಸ್ಟೊಫರ್ ಮಾಹರ್ ಮತ್ತು ರೋಜರ್ ಆ್ಯಡಮ್ಸ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು ತರಬೇತಿ ಪಡೆದ ಚಿಕಿತ್ಸಕರ ಜೋಡಿಗಳಿಗೆ ಒಂದೇ ಸೊಂಟವನ್ನು ಬೇರೆಬೇರೆಯಾಗಿ ಒತ್ತಿ ನೋಡಲು ಹೇಳಿದರು. ಎಲ್ಲಿ ನೋವು ಎಂಬ ವಿಷಯದಲ್ಲಿ ಒಮ್ಮತವಿತ್ತು. ಎಷ್ಟು ಬಿಗಿ ಎಂಬ ವಿಷಯದಲ್ಲಿ ಒಬ್ಬರು ಏರಿಗೆ, ಇನ್ನೊಬ್ಬರು ನೀರಿಗೆ. 2007ರಲ್ಲಿ ಕತ್ತಿನ ಪರೀಕ್ಷೆಯನ್ನೇ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಪುನರಾವರ್ತಿಸಿದಾಗ ಹಿಂದಿನ ಗೆಲುವು ಮರುಕಳಿಸಲಿಲ್ಲ. ಆ ಹೊಸ ಅಧ್ಯಯನದ ಲೇಖಕರಲ್ಲಿ ಬೊಗ್ಡಕ್ ಕೂಡ ಇದ್ದರು. ತಾವೇ ಎತ್ತಿ ಹಿಡಿದದ್ದನ್ನು ತಾವೇ ಇಳಿಸುವ ಪ್ರಾಮಾಣಿಕತೆ ಎಲ್ಲ ವೃತ್ತಿಗಳಲ್ಲೂ ಕಾಣಸಿಗುವುದಿಲ್ಲ.

ಹಾಗಾದರೆ ಈ ತರಬೇತಿಯೆಲ್ಲ ದಂಡವೇ? ಹಾಗೆನ್ನಲು ಬರುವುದಿಲ್ಲ. ಕೈ ಕಲಿಯುತ್ತದೆ ಎಂಬುದಕ್ಕೆ ಪುರಾವೆ ಇದೆ. 1993ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರದ ಮೇಲೆ ಒತ್ತಿ ಅಭ್ಯಾಸ ಮಾಡಿದ ಫಿಸಿಯೋಥೆರಪಿಸ್ಟರು ಹೇಳಿದಷ್ಟೇ ಬಲವನ್ನು ಹಾಕುವುದರಲ್ಲಿ ಸುಧಾರಿಸಿದರು. ಅಂದರೆ ಎಷ್ಟು ಒತ್ತುತ್ತಿದ್ದೇನೆ ಎಂಬುದನ್ನು ಯಾರಾದರೂ, ಕನಿಷ್ಠ ಒಂದು ಯಂತ್ರವಾದರೂ, ಆ ಕ್ಷಣವೇ ತಿಳಿಸಿದರೆ ಕೈ ತಿದ್ದಿಕೊಳ್ಳುತ್ತದೆ. ಇನ್ನೊಂದೆಡೆ 2004ರ ಅಮೆರಿಕದ ಅಧ್ಯಯನವೊಂದು, ಎಲ್ಲರೂ ಸೊಂಟನೋವಿಗೆ ಮೊದಲೇ ಗೊತ್ತುಪಡಿಸಿದ ಒಂದೇ ಕ್ರಮದ ಚಿಕಿತ್ಸೆ ಕೊಟ್ಟಾಗ ಚಿಕಿತ್ಸಕರ ಅನುಭವವಾಗಲೀ ಹೆಚ್ಚುವರಿ ಪ್ರಮಾಣಪತ್ರವಾಗಲೀ ಫಲಿತಾಂಶವನ್ನು ಉತ್ತಮಪಡಿಸಲಿಲ್ಲ ಎಂದಿತು. ಮಾಡಬೇಕಾದ್ದನ್ನೆಲ್ಲ ಬೇರೆಯವರೇ ನಿರ್ಧರಿಸಿಕೊಟ್ಟರೆ ಕಲಿತವರಿಗೂ ಕಲಿಯದವರಿಗೂ ಅಂತರ ಕಾಣದಿರುವುದು ಅಚ್ಚರಿಯಲ್ಲ. ಆಸ್ಪತ್ರೆಗೆ ಬರುವ ರೋಗಿ ಮಾತ್ರ ನಿರ್ಧಾರವನ್ನು ಜೇಬಿನಲ್ಲಿಟ್ಟುಕೊಂಡು ಬರುವುದಿಲ್ಲ. ಯಾರಿಗೆ ಒತ್ತಬೇಕು, ಯಾರಿಗೆ ವ್ಯಾಯಾಮ ಹೇಳಿ ಕಳಿಸಬೇಕು, ಯಾರನ್ನು ಮುಟ್ಟದೆ ನೇರ ವೈದ್ಯರ ಬಳಿಗೆ ಓಡಿಸಬೇಕು ಎಂಬುದೇ ಅಲ್ಲಿನ ಕಷ್ಟ. ಗುರುವಿನ ಪಕ್ಕದ ಆ 150 ಗಂಟೆಗಳಲ್ಲಿ ಬೆರಳಿಗೆ ಮಾಂತ್ರಿಕ ಶಕ್ತಿ ಬರುತ್ತದೋ ಇಲ್ಲವೋ, ಈ ವಿವೇಚನೆಯಂತೂ ಬರುತ್ತದೆ. ಜಲ್ ಅವರೇ ಮುಂದೆ ನಿಂತು ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗವೂ ಕೈಯನ್ನು ಒಂಟಿಯಾಗಿ ಬಿಡಲಿಲ್ಲ. ಕತ್ತಿನಿಂದ ಹುಟ್ಟುವ ತಲೆನೋವಿನ 200 ಮಂದಿಯಲ್ಲಿ ಕೈಚಿಕಿತ್ಸೆ, ವ್ಯಾಯಾಮ ಎರಡೂ ಗುಣ ತೋರಿದವು, ಒಂದು ವರ್ಷದ ನಂತರವೂ.

ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಶಿಕ್ಷಣ ಬೇರೂರಿದ್ದು ಪೋಲಿಯೊದಿಂದಾಗಿ. 1950ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಮುಂಬೈಯಲ್ಲಿ ಶಾಲೆ ತೆರೆಯಿತು. 1955ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಕಾಲು ಸೋತ ಮಕ್ಕಳನ್ನು ನಡೆಸುವುದೇ ಆಗಿನ ಮುಖ್ಯ ಕೆಲಸ. ಬೆನ್ನು ಕತ್ತುಗಳ ಸರದಿ ಬಂದದ್ದು ತಡವಾಗಿ. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ರಾಜ್ಯದ ಹಲವು ಫಿಸಿಯೋಥೆರಪಿ ಕಾಲೇಜುಗಳು ಅದರ ಅಡಿಗೆ ಬಂದವು. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಮೇಟ್‌ಲೆಂಡ್, ಕಾಲ್ಟೆನ್‌ಬೋರ್ನ್, ಸಿರಿಯಾಕ್ಸ್ ಹೆಸರುಗಳು ಪಠ್ಯದ ಭಾಗ. ಕೇಂದ್ರ ಸರ್ಕಾರ 2021ರಲ್ಲಿ ತಂದ ಕಾಯ್ದೆಯಿಂದ ಫಿಸಿಯೋಥೆರಪಿಯೂ ಸೇರಿದಂತೆ ವೈದ್ಯಕೀಯಕ್ಕೆ ಹೊಂದಿಕೊಂಡ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದು ದೊರೆತಿದೆ.

ಸ್ನಾತಕೋತ್ತರ ಪದವಿಗೆ ಎರಡು ವರ್ಷ ಬಿಡುವು ಮಾಡಿಕೊಳ್ಳಲು, ಶುಲ್ಕ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಅಂಥವರಿಗಾಗಿ ಶನಿವಾರ ಭಾನುವಾರದ ಕಾರ್ಯಾಗಾರಗಳಿವೆ. ಹೊರ ಊರಿನಿಂದ ಬಂದ ತರಬೇತುದಾರರು ಮೇಜಿನ ಮೇಲೆ ಒಬ್ಬರನ್ನು ಮಲಗಿಸಿ ತೋರಿಸುತ್ತಾರೆ, ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾರೆ, ಆಮೇಲೆ ಇಬ್ಬಿಬ್ಬರಾಗಿ ಅಭ್ಯಾಸ, ಭಾನುವಾರ ಸಂಜೆ ಪ್ರಮಾಣಪತ್ರ, ಗುಂಪು ಫೋಟೊ. ಹೊಸ ತಂತ್ರವೊಂದರ ಪರಿಚಯಕ್ಕೆ ಇದು ಸಾಕು, ತಪ್ಪೇನಿಲ್ಲ. ಆದರೆ ಆ ಎರಡು ದಿನ ಕೈಗೆ ಸಿಗುವುದು ಪಕ್ಕದವರ ಆರೋಗ್ಯವಂತ ಬೆನ್ನು. ನೋವಿನ ಬೆನ್ನು ಸಿಗುವುದು ಸೋಮವಾರ ಬೆಳಗ್ಗೆ, ತರಬೇತುದಾರರು ತಮ್ಮ ಊರಿನ ರೈಲು ಹತ್ತಿದ ಮೇಲೆ.